ಬಗ್ಗಲಾರದ ಬೆನ್ನು, ಕಾದು ಕುಳಿತ ಪೊರಕೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಆ ಹಿರಿಯರು ಇಂದು ಬದುಕಿದ್ದು, ತುಮಕೂರಿನ ಯಾವುದಾದರೊಂದು ಬಡಾವಣೆಯಲ್ಲಿ ಸಂಸಾರ ಹೂಡಿದ್ದರೆ, ಈ ಗಾದೆಗೆ ಮೂರನೆಯದೊಂದು ತುಂಡನ್ನು ಸೇರಿಸದೆ ಬಿಡುತ್ತಿರಲಿಲ್ಲ: 'ಕಾಯಿಲೆಯ ಮನೆಗೆ ಕೆಲಸದವಳನ್ನು ಹುಡುಕಿ ನೋಡು!'

ಸೋಮೇಶ್ವರಪುರದ ಒಂದು ಮನೆಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಯಜಮಾನರು ನಿವೃತ್ತ ಉಪಾಧ್ಯಾಯರು. ಅವರ ಪತ್ನಿಗೆ ಅರುವತ್ತೆಂಟು ವರ್ಷ; ಮೊಣಕಾಲಿಗೆ ಸಂಧಿವಾತ, ಎದೆಗೆ ಆಯಾಸ. ಮಗನ ಉದ್ಯೋಗ ಎಪ್ಪತ್ತು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ. ಮಗಳ ಸಂಸಾರ ಇನ್ನೂ ದೂರದ ಊರಿನಲ್ಲಿ. ನಲವತ್ತು ವರ್ಷಗಳ ಕಾಲ ಬೆಳಗಿನ ಐದು ಗಂಟೆಗೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಇಟ್ಟ ಕೈ ಅದು. ಈಗ ಆ ತಾಯಿ ಹಾಸಿಗೆಯ ಮೇಲೆ ಎದ್ದು ಕುಳಿತು, ಪಡಸಾಲೆಯ ಮೂಲೆಯಲ್ಲಿ ಒರಗಿಸಿರುವ ಪೊರಕೆಯನ್ನು ನೋಡುತ್ತಾರೆ. ಪೊರಕೆಯೂ ಅವರನ್ನು ನೋಡುತ್ತದೆ. 'ಇವತ್ತು ಕೆಲಸದವಳು ಬರುತ್ತಾಳೋ ಇಲ್ಲವೋ' ಎಂಬ ಪ್ರಶ್ನೆ ಎಂಟು ಗಂಟೆಯವರೆಗೆ ಮನೆಯೊಳಗೆ ಸುಳಿದಾಡುತ್ತದೆ. ಎಂಟೂವರೆಗೆ ಸಹನೆ ಮುಗಿಯುತ್ತದೆ. 'ಬಚ್ಚಲನ್ನಾದರೂ ಒಂದಿಷ್ಟು ತಿಕ್ಕಿಬಿಡೋಣ' ಎಂದು ಅವರು ಗೋಡೆ ಹಿಡಿದು ಏಳುತ್ತಾರೆ.

ಅಪಾಯ ಇರುವುದು ಇಲ್ಲಿಯೇ. ಸಾಬೂನಿನ ನೀರು ಹರಿದ ಬಚ್ಚಲ ಕಲ್ಲಿನ ಮೇಲೆ ಒಮ್ಮೆ ಕಾಲು ಜಾರಿತೆಂದರೆ, ಮುದಿ ಎಲುಬು ಸೊಂಟದ ಬಳಿ ಮುರಿಯುತ್ತದೆ. ಅಲ್ಲಿಯವರೆಗೆ ನಿಧಾನವಾಗಿಯಾದರೂ ಓಡಾಡುತ್ತಿದ್ದ ಜೀವ ಅಂದಿನಿಂದ ಮಂಚಕ್ಕೆ ಅಂಟಿಕೊಳ್ಳುತ್ತದೆ. ಒಂದು ಗಂಟೆಯ ಕೂಲಿಯನ್ನು ಉಳಿಸಲು ಹೋಗಿ, ಅಥವಾ ಒಂದು ದಿನದ ಕೊಳೆಯನ್ನು ಸಹಿಸಲಾರದೆ, ಇಡೀ ಸಂಸಾರದ ಬದುಕೇ ತಲೆಕೆಳಗಾಗುತ್ತದೆ. ಆದುದರಿಂದ ಕಾಯಿಲೆಯ ಮನೆಗೆ ಕೈಗೆಟುಕುವ ದರದಲ್ಲಿ ಒಬ್ಬ ಸಹಾಯಕಿ ದೊರೆಯುವುದು ಹೆಂಗಸರ ಹರಟೆಯ ವಿಷಯವೆಂದು ತಳ್ಳಿಹಾಕತಕ್ಕ ಮಾತಲ್ಲ. ಔಷಧಿ, ಪಥ್ಯಗಳಷ್ಟೇ ಗಂಭೀರವಾದ ಮಾತು.

ಬಾಗಿಸುವ ರೋಗ

ತುಮಕೂರಿನ ಸೀಮೆಯವರಿಗೆ ಈ ಪಾಠವನ್ನು ಮರೆಯದಂತೆ ಕಲಿಸಿದ ವರ್ಷವೊಂದಿದೆ. ಅದು 2006. ಆ ವರ್ಷ ಚಿಕೂನ್‌ಗುನ್ಯ ಜ್ವರ ನಾಡಿನಲ್ಲೆಲ್ಲ ಹಬ್ಬಿತು. ದೇಶದಲ್ಲಿ ಆ ವರ್ಷ ಕಂಡುಬಂದ ಸುಮಾರು 13 ಲಕ್ಷ 90 ಸಾವಿರ ಶಂಕಿತ ಪ್ರಕರಣಗಳಲ್ಲಿ 7 ಲಕ್ಷ 60 ಸಾವಿರಕ್ಕೂ ಮಿಕ್ಕಿದ ಪ್ರಕರಣಗಳು ಕರ್ನಾಟಕವೊಂದರಲ್ಲಿಯೇ ದಾಖಲಾದವು. 1963ರಲ್ಲಿ ಕಲ್ಕತ್ತೆಯಲ್ಲಿ ಮೊದಲು ಕಾಣಿಸಿಕೊಂಡು, 1973ರ ನಂತರ ಮೂರು ದಶಕಗಳ ಕಾಲ ತಲೆಮರೆಸಿಕೊಂಡಿದ್ದ ರೋಗ ಹೀಗೆ ಮರಳಿ ಬಂದು ಮನೆಮನೆಯ ಕದ ತಟ್ಟಿತು.

ಈ ರೋಗದ ಹೆಸರಿನಲ್ಲಿಯೇ ಅದರ ಸ್ವಭಾವ ಅಡಗಿದೆ. 1952ರಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ, ಅಂದಿನ ಟಾಂಗನ್ಯೀಕದಲ್ಲಿ, ಇದನ್ನು ಮೊದಲು ಗುರುತಿಸಿದಾಗ ಅಲ್ಲಿಯ ಮಾಕೊಂಡೆ ಜನ ತಮ್ಮ ನುಡಿಯಲ್ಲಿ ಇದಕ್ಕೆ 'ಬಾಗಿಸುವಂಥದು' ಎಂಬ ಅರ್ಥದ ಹೆಸರಿಟ್ಟರು. ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತದೆ; ಆದರೆ ಕೀಲುಗಳ ನೋವು ಅನೇಕರಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಬೆರಳು ಮಡಿಸಿ ಬಟ್ಟೆ ಹಿಂಡಲಾಗದು, ಕುಕ್ಕುರುಗಾಲಿನಲ್ಲಿ ಕುಳಿತು ಪಾತ್ರೆ ತೊಳೆಯಲಾಗದು.

ಇದರಲ್ಲೊಂದು ವಿಪರ್ಯಾಸವುಂಟು. ರೋಗ ಬೆನ್ನನ್ನು ಬಾಗಿಸುತ್ತದೆ. ಅದೇ ರೋಗಿ ಕಸ ಗುಡಿಸಬೇಕಾದರೆ ಬೆನ್ನನ್ನು ಇನ್ನಷ್ಟು ಬಾಗಿಸಬೇಕು. ನಮ್ಮ ನಾಡಿನ ಗಿಡ್ಡ ಪೊರಕೆಯಾಗಲಿ, ನೆಲ ಒರಸುವ ಬಟ್ಟೆಯಾಗಲಿ ಬಗ್ಗುವ ಬೆನ್ನನ್ನು, ಮಡಿಸುವ ಮಂಡಿಯನ್ನು ನಂಬಿಯೇ ಹುಟ್ಟಿದಂಥವು. ಆರೋಗ್ಯವಂತ ಶರೀರಕ್ಕೆ ಅದೊಂದು ವ್ಯಾಯಾಮ. ಸಂಧಿವಾತ, ಬೆನ್ನುಮೂಳೆಯ ಸವೆತ, ಹೃದ್ರೋಗ, ಉಬ್ಬಸಗಳುಳ್ಳವರಿಗೆ ಅದೇ ಶಿಕ್ಷೆ.

ಆಸ್ಪತ್ರೆಯೇ ಮನೆಗೆ ಬಂದಾಗ

ಒಂದು ಕಾಲದಲ್ಲಿ ದೀರ್ಘ ಕಾಯಿಲೆಯವರನ್ನು ಮನೆಯಿಂದ ದೂರ ಕಳುಹಿಸುವುದೇ ವಾಡಿಕೆಯಾಗಿತ್ತು. ಕ್ಷಯರೋಗಿಗಳಂತೂ ಸ್ಯಾನಟೋರಿಯಮ್ಮಿಗೆ ಹೋಗಿ ತಿಂಗಳುಗಟ್ಟಲೆ ಮಲಗಬೇಕಾಗಿತ್ತು. ಈ ನಂಬಿಕೆಯನ್ನು ಅಲುಗಾಡಿಸಿದ ಪ್ರಯೋಗ ನಡೆದುದು ನೆರೆಯ ಮದರಾಸಿನಲ್ಲಿಯೇ. 1956ರಿಂದ ಅಲ್ಲಿಯ ಕ್ಷಯ ಚಿಕಿತ್ಸಾ ಕೇಂದ್ರದವರು 193 ಮಂದಿ ಬಡ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಸ್ಯಾನಟೋರಿಯಮ್ಮಿನಲ್ಲಿಯೂ ಇನ್ನೊಂದಕ್ಕೆ ಅವರವರ ಮನೆಗಳಲ್ಲಿಯೂ ಒಂದೇ ಬಗೆಯ ಔಷಧಿ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶವನ್ನು ಕಂಡು ವೈದ್ಯಲೋಕ ಬೆರಗಾಯಿತು. ಇಕ್ಕಟ್ಟಾದ ಮನೆಗಳಲ್ಲಿಯೇ ಇದ್ದು ಔಷಧಿ ತೆಗೆದುಕೊಂಡವರು ಸ್ಯಾನಟೋರಿಯಮ್ಮಿನಲ್ಲಿದ್ದವರಿಗೆ ಹೆಚ್ಚುಕಡಮೆ ಸಮನಾಗಿ ಗುಣಹೊಂದಿದ್ದರು. ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಉಂಟಾಗಿರಲಿಲ್ಲ.

ಅಂದಿನಿಂದ ರೋಗಿ ಮನೆಯಲ್ಲಿಯೇ ಉಳಿದ. ಅದು ಒಳ್ಳೆಯದೇ ಆಯಿತು. ಇಂದು ಪಾರ್ಶ್ವವಾಯು ಬಡಿದವರು ಕೆಲವೇ ದಿನಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳುತ್ತಾರೆ. ಮೂತ್ರಪಿಂಡದ ಕಾಯಿಲೆಯವರು ವಾರಕ್ಕೆ ಎರಡೋ ಮೂರೋ ಸಲ ಡಯಾಲಿಸಿಸ್ ಮಾಡಿಸಿಕೊಂಡು, ಮಿಕ್ಕ ವೇಳೆಯನ್ನೆಲ್ಲ ಮನೆಯಲ್ಲಿ ಕಳೆಯುತ್ತಾರೆ. ಅರ್ಬುದ ರೋಗಕ್ಕೆ ಔಷಧಿ ಏರಿಸಿಕೊಂಡವರು ಸಂಜೆಯ ಬಸ್ಸಿಗೆ ಊರು ಸೇರುತ್ತಾರೆ. ಆದರೆ ಆಸ್ಪತ್ರೆಯಲ್ಲಿ ರೋಗಿಯ ಸುತ್ತ ನೆಲ ಒರಸಲು, ಹಾಸಿಗೆ ಬದಲಾಯಿಸಲು, ಬಚ್ಚಲು ತೊಳೆಯಲು ಇದ್ದ ಕೈಗಳು ರೋಗಿಯ ಹಿಂದೆ ಮನೆಗೆ ಬರಲಿಲ್ಲ. ಆ ಕೆಲಸವೆಲ್ಲ ಸದ್ದಿಲ್ಲದೆ ಮನೆಯ ಹೆಂಗಸಿನ ಹೆಗಲೇರಿತು. ಆ ಹೆಂಗಸೇ ರೋಗಿಯಾದರೆ? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಸರ್ಕಾರದ ಲೆಕ್ಕದಲ್ಲಿಯೂ ಇದೇ ಬಿರುಕು ಕಾಣುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಲಾಯಿತು. ಇವೆಲ್ಲ ಮೆಚ್ಚತಕ್ಕ ಕೆಲಸಗಳೇ. ಆದರೆ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವಳ ನೆಲ ಗುಡಿಸುವುದಕ್ಕೆ ಈ ಲೆಕ್ಕಗಳಲ್ಲೆಲ್ಲಿಯೂ ಒಂದು ಕಾಸಿಲ್ಲ.

ಕೆಲಸದಾಕೆ ಎಲ್ಲಿ ಹೋದಳು?

'ಮೊದಲೆಲ್ಲ ಹತ್ತು ಜನ ತಾವಾಗಿಯೇ ಬಂದು ಕೇಳುತ್ತಿದ್ದರು. ಈಗ ಹುಡುಕಿದರೂ ಸಿಕ್ಕುವುದಿಲ್ಲ' ಎಂಬುದು ಚಿಕ್ಕಪೇಟೆಯಿಂದ ಕ್ಯಾತಸಂದ್ರದವರೆಗೆ ಎಲ್ಲ ಜಗುಲಿಗಳ ಮೇಲೂ ಕೇಳಿಬರುವ ದೂರು. ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಆಕೆ ಎಲ್ಲಿ ಹೋದಳೆಂದು ಯೋಚಿಸಿದರೆ ದೂರುವ ಬಾಯಿ ತುಸು ಮೆತ್ತಗಾಗುತ್ತದೆ.

ತುಮಕೂರಿನ ಹೊರವಲಯದ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವೆದ್ದಿದೆ. 2014ರ ಸೆಪ್ಟೆಂಬರಿನಲ್ಲಿ ಅಲ್ಲಿ ಆಹಾರ ಸಂಸ್ಕರಣೆಯ ಉದ್ಯಾನವೊಂದು ಉದ್ಘಾಟನೆಗೊಂಡಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ಕಾರ್ಖಾನೆಯೊಂದು ಬಂದರೆ ಅದರ ಸುತ್ತ ಊಟದ ಮನೆ, ವಸತಿಗೃಹ, ಕಚೇರಿಗಳೂ ಬರುತ್ತವೆ; ಅಲ್ಲೆಲ್ಲ ಸ್ವಚ್ಛತೆಯ ಕೆಲಸಕ್ಕೆ ಜನ ಬೇಕು. ಅಲ್ಲಿ ತಿಂಗಳ ಸಂಬಳವುಂಟು, ವಾರದ ರಜೆಯುಂಟು. 'ಅಮ್ಮಾವ್ರಿಗೆ ಇವತ್ತು ಕೋಪ' ಎಂಬ ಹೆದರಿಕೆಯಿಲ್ಲ. ಗುಬ್ಬಿಯಂಥ ತೋಟದ ಸೀಮೆಯಲ್ಲಿ ಅಡಿಕೆಯ ಸುಗ್ಗಿ ಬಂತೆಂದರೆ ಸುಲಿಯುವ ಕೆಲಸಕ್ಕೆ ಹೆಂಗಸರಿಗೆ ಬೇಡಿಕೆ. ಆಗ ಪಾತ್ರೆಯ ಕೆಲಸ ಬಿಟ್ಟು ಅಡಿಕೆಯ ಮುಂದೆ ಕುಳಿತವಳನ್ನು ತಪ್ಪೆಣಿಸುವಂತಿಲ್ಲ. ಕುಣಿಗಲು ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿರುವ ಊರು. ದುಡಿಯುವ ಕೈಗಳನ್ನು ರಾಜಧಾನಿ ಅಲ್ಲಿಂದ ಎಳೆದುಕೊಳ್ಳುತ್ತಲೇ ಇರುತ್ತದೆ.

ಇನ್ನೊಂದು ಬದಲಾವಣೆಯೂ ಆಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು. ಬಸ್ಸಿನ ದುಡ್ಡು ಉಳಿದುದರಿಂದ ಅಷ್ಟು ದೂರದ ಹಳ್ಳಿಯವಳೂ ನಗರಕ್ಕೆ ಬಂದು ದುಡಿದು ಸಂಜೆಗೆ ಮರಳಬಹುದು. ನಗರದ ಕಾಯಿಲೆಯ ಮನೆಗೆ ಇದು ಅನುಕೂಲ. ಆದರೆ ಗುಬ್ಬಿಯಲ್ಲಿಯೇ ಒಂಟಿಯಾಗಿರುವ ಮುದುಕಿಗೆ ಇದೇ ಅನನುಕೂಲ. ಅವಳ ಮನೆಗೆ ಬರುತ್ತಿದ್ದವಳು ಈಗ ಬೆಳಗಿನ ಬಸ್ಸು ಹಿಡಿದು ತುಮಕೂರಿನಲ್ಲಿರುತ್ತಾಳೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ನಿಗದಿಯಾಯಿತು. ಆದಾಯ ತೆರಿಗೆ ಕಟ್ಟುವ ಮನೆಗಳಿಗೆ ಅದು ಇಲ್ಲ. ಕಾಯಿಲೆಯ ಯಜಮಾನಿ ಆ ಹಣದಲ್ಲಿ ಒಂದು ಪಾಲನ್ನು ಸಹಾಯಕಿಗೆ ಕೊಡಬಹುದು. ಹಾಗೆಯೇ ಸಹಾಯಕಿಯ ಕೈಗೂ ಅಷ್ಟೇ ಹಣ ಬರುವುದರಿಂದ ಆಕೆ ಸಿಕ್ಕಿದಷ್ಟಕ್ಕೆ ತಲೆಬಾಗಬೇಕಾಗಿಲ್ಲ. ಎರಡೂ ಒಳ್ಳೆಯದೇ.

ಅಗ್ಗವೆಂದರೆ ಯಾವುದು?

ಅಗ್ಗದ ಸಹಾಯ ಬೇಕೆಂದೊಡನೆ ಹಲವರು ಮೊದಲು ಕತ್ತರಿ ಹಾಕುವುದು ಕೂಲಿಗೆ. ಅದು ಅನ್ಯಾಯ, ಅದಕ್ಕಿಂತ ಹೆಚ್ಚಾಗಿ ಅವಿವೇಕ. ಕಡಮೆ ಕೂಲಿಗೆ ಬಂದವಳು ಹತ್ತು ರೂಪಾಯಿ ಹೆಚ್ಚು ಸಿಕ್ಕಿದ ಕಡೆಗೆ ಹೋಗುತ್ತಾಳೆ. ಆರೋಗ್ಯವಂತರ ಮನೆಯಲ್ಲಿ ಕೆಲಸದವಳು ತಪ್ಪಿಸಿಕೊಂಡರೆ ಒಂದು ದಿನದ ತೊಂದರೆ. ಕಾಯಿಲೆಯ ಮನೆಯಲ್ಲಿ ಅದೇ ಬಚ್ಚಲಿನಲ್ಲಿ ಜಾರಿ ಬೀಳುವ ದಿನ. ಆದುದರಿಂದ ಕಡಮೆ ಮಾಡಬೇಕಾದುದು ಕೂಲಿಯ ದರವನ್ನಲ್ಲ, ಕೆಲಸದ ಗಾತ್ರವನ್ನು.

ಲೆಕ್ಕ ಸುಲಭ. ದಿನಕ್ಕೊಂದು ಗಂಟೆಯಂತೆ ವಾರಕ್ಕೊಂದು ರಜೆ ಕಳೆದು ಸಹಾಯಕಿಯನ್ನಿಟ್ಟುಕೊಂಡರೆ ತಿಂಗಳಿಗೆ 26 ಗಂಟೆ. ವಾರಕ್ಕೆ ಎರಡು ದಿನ, ದಿನಕ್ಕೆರಡು ಗಂಟೆಯಾದರೆ ಸುಮಾರು 17 ಗಂಟೆ. ಗಂಟೆಯ ದರವನ್ನು ಒಂದು ಪಾಲು ಹೆಚ್ಚಿಸಿಕೊಟ್ಟರೂ ಎರಡನೆಯ ಏರ್ಪಾಡಿನಲ್ಲಿ ಉಳಿತಾಯವೇ ಆಗುತ್ತದೆ. ಬಂದು ಹೋಗುವ ದಣಿವು ಕಡಮೆಯಾದುದರಿಂದ ಸಹಾಯಕಿಗೂ ಸಮಾಧಾನ. ಅಕ್ಕಪಕ್ಕದ ಎರಡು ಮನೆಯವರು ಸೇರಿ ಒಬ್ಬಳನ್ನೇ ಒಂದರ ಬೆನ್ನಿಗೊಂದು ಗೊತ್ತುಮಾಡಿಕೊಂಡರೆ ಇನ್ನೂ ಉತ್ತಮ. ಒಂದೇ ಓಡಾಟಕ್ಕೆ ಆಕೆಗೆ ಎರಡು ಸಂಪಾದನೆ.

ಇದಕ್ಕೆ ಮೊದಲು ಗೃಹಿಣಿ ತನ್ನ ಮನಸ್ಸಿನಲ್ಲಿಯೇ ಒಂದು ಪಟ್ಟಿ ಮಾಡಿಕೊಳ್ಳಬೇಕು. ರೋಗಿಗೆ ಅಪಾಯ ತರುವ ಕೊಳೆ ಯಾವುದು, ಕಣ್ಣಿಗೆ ಮಾತ್ರ ಚುಚ್ಚುವ ಕೊಳೆ ಯಾವುದು? ಬಚ್ಚಲು, ಶೌಚಾಲಯ, ಅಡುಗೆಯ ಕಟ್ಟೆ, ರೋಗಿ ಮಲಗುವ ಕೋಣೆ, ಅವರು ನಡೆದಾಡುವ ದಾರಿ - ಇವು ಮೊದಲನೆಯವು. ಇವುಗಳಲ್ಲಿ ರಾಜಿಯಿಲ್ಲ. ಅಟ್ಟದ ಮೇಲಿನ ಹಿತ್ತಾಳೆಯ ಕೊಡ, ಗಾಜಿನ ಬೀರುವಿನ ಬೊಂಬೆಗಳು, ಯಾರೂ ಕೂರದ ಅತಿಥಿಗಳ ಕೋಣೆ - ಇವು ಎರಡನೆಯವು. ಹಬ್ಬದವರೆಗೆ ಕಾದರೆ ಲೋಕ ಮುಳುಗುವುದಿಲ್ಲ. ನಲವತ್ತು ವರ್ಷ ಕನ್ನಡಿಯಂತೆ ಮನೆ ಇಟ್ಟುಕೊಂಡವರಿಗೆ ಈ ವಿಂಗಡಣೆ ಕಷ್ಟವೆನಿಸುತ್ತದೆ. 'ಬಂದವರು ಏನೆಂದಾರು' ಎಂಬ ಸಂಕೋಚ ಎಷ್ಟೋ ಸಲ ಕೀಲುನೋವಿಗಿಂತ ಹೆಚ್ಚಿನ ನೋವು ಕೊಡುತ್ತದೆ. ಆದರೆ ಕಾಯಿಲೆಯವರನ್ನು ನೋಡಲು ಬಂದು ಧೂಳನ್ನು ನೋಡಿ ಹೋಗುವವರಿಗಾಗಿ ಯಾರೂ ಮೂಳೆ ಮುರಿದುಕೊಳ್ಳಬೇಕಾಗಿಲ್ಲ.

ಉಪಕರಣವನ್ನು ಬದಲಾಯಿಸುವುದೂ ಒಂದು ಬಗೆಯ ಸಹಾಯವೇ. ಸ್ಪೇನ್ ದೇಶದ ಮನುಯೆಲ್ ಹಲೋನ್ ಎಂಬ ವಿಮಾನ ಎಂಜಿನಿಯರು 1956ರಲ್ಲಿ ಉದ್ದ ಕೋಲಿನ ಒರಸುವ ಬಟ್ಟೆಯನ್ನೂ ಅದನ್ನು ಹಿಂಡುವ ಬಕೆಟ್ಟನ್ನೂ ತನ್ನ ನಾಡಿನ ಮಾರುಕಟ್ಟೆಗೆ ತಂದರು. ಅಲ್ಲಿಯವರೆಗೆ ಆ ದೇಶದ ಹೆಂಗಸರು ಮಂಡಿಯೂರಿಯೇ ನೆಲ ಒರಸುತ್ತಿದ್ದರು. ವಿಮಾನದ ವಿದ್ಯೆ ಕಲಿತವನು ಪೊರಕೆಯ ಕಡೆಗೆ ಕಣ್ಣು ಹಾಯಿಸಿದುದರಿಂದ ಲಕ್ಷಾಂತರ ಮಂಡಿಗಳು ಉಳಿದವು! ಅಂಥ ಸಾಮಾನು ಇಂದು ಮಂಡಿಪೇಟೆಯ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಉದ್ದ ಹಿಡಿಯ ಪೊರಕೆ, ಬಚ್ಚಲಿಗೊಂದು ಒರಟು ಚಾಪೆ, ಗೋಡೆಗೊಂದು ಹಿಡಿಕೆ, ತೊಟ್ಟಿಯ ಬಳಿ ಕುಳಿತು ಕೆಲಸ ಮಾಡಲು ಎತ್ತರದ ಸ್ಟೂಲು - ಇವಿಷ್ಟಕ್ಕೆ ಒಮ್ಮೆ ಹಣ ತೆತ್ತರೆ ಅನೇಕ ತಿಂಗಳುಗಳ ಕೂಲಿಯ ಒಂದು ಅಂಶ ಉಳಿದಂತೆಯೇ ಸರಿ.

ನೀರಿನ ಡ್ರಮ್ಮು, ತೆಂಗಿನ ಕರಟ

ಕಾಯಿಲೆಯ ಮನೆಯಲ್ಲಿ ಸಹಾಯಕಿಯಿಂದ ಯಾವ ಕೆಲಸ ಮೊದಲು ಮಾಡಿಸಬೇಕು? ತುಮಕೂರಿನ ಮಟ್ಟಿಗೆ ಉತ್ತರ ನೀರಿನಿಂದ ಆರಂಭವಾಗುತ್ತದೆ. ನಗರಕ್ಕೆ ಹೇಮಾವತಿಯ ನೀರು ಬುಗುಡನಹಳ್ಳಿಯ ಕೆರೆಯಲ್ಲಿ ನಿಂತು ಬರುತ್ತದೆ. ನಲ್ಲಿಯಲ್ಲಿ ಪ್ರತಿ ಗಳಿಗೆಯೂ ನೀರಿರುವ ಭಾಗ್ಯವಿಲ್ಲದ ಮನೆಗಳಲ್ಲಿ ಡ್ರಮ್ಮು, ತೊಟ್ಟಿ, ಬಿಂದಿಗೆಗಳಲ್ಲಿ ಅದನ್ನು ತುಂಬಿಡುತ್ತಾರೆ. ಡೆಂಗಿ ಮತ್ತು ಚಿಕೂನ್‌ಗುನ್ಯಗಳನ್ನು ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಚೆ ಬೇಡ. ಇಂಥ ತಿಳಿನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರಕ್ಕೆ ತುಸು ಹೆಚ್ಚು ಕಾಲ ಸಾಕು. ಆದುದರಿಂದ ವಾರಕ್ಕೊಮ್ಮೆ ಡ್ರಮ್ಮನ್ನು ಬರಿದುಮಾಡಿ, ಒಳಗಿನ ಗೋಡೆಯನ್ನು ತಿಕ್ಕಿ ಒಣಗಿಸಿ, ಮತ್ತೆ ತುಂಬಿ ಮುಚ್ಚಬೇಕು. ತಿಕ್ಕುವುದು ಮುಖ್ಯ, ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುತ್ತವೆ. ಕಲ್ಪವೃಕ್ಷದ ಈ ಜಿಲ್ಲೆಯಲ್ಲಿ ಹಿತ್ತಿಲಿನಲ್ಲಿ ಬಿದ್ದ ತೆಂಗಿನ ಕರಟವೊಂದೂ ಮಳೆಯ ನೀರು ಹಿಡಿದು ಸೊಳ್ಳೆಯ ತೊಟ್ಟಿಲಾಗಬಲ್ಲದು. ಸಂಧಿವಾತದ ರೋಗಿ ಇಪ್ಪತ್ತು ಬಿಂದಿಗೆಯ ಡ್ರಮ್ಮನ್ನು ಮಗುಚಲಾರರು. ಸಹಾಯಕಿಯ ವಾರದ ಎರಡು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಇದಕ್ಕೇ ಮೀಸಲಾಗಲಿ.

ಉಬ್ಬಸದವರ ಕೋಣೆಯನ್ನು ಒಣ ಪೊರಕೆಯಿಂದ ಗುಡಿಸಿದರೆ ಧೂಳು ನೆಲ ಬಿಟ್ಟು ಶ್ವಾಸಕೋಶ ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರಸುವುದೇ ಲೇಸು. ಆ ಹೊತ್ತಿನಲ್ಲಿ ರೋಗಿ ಬೇರೆ ಕೋಣೆಯಲ್ಲಿರಬೇಕು. ಘಾಟಿನ ಫಿನಾಯಿಲು ಹೆಚ್ಚಿದಷ್ಟೂ ಶುದ್ಧಿಯೆಂಬ ನಂಬಿಕೆಯನ್ನು ಬಿಡಬೇಕು. ಸಾಮಾನ್ಯ ನೆಲಕ್ಕೆ ಸಾಬೂನಿನ ನೀರು ಸಾಕು. ರಕ್ತವೋ ವಾಂತಿಯೋ ಬಿದ್ದ ಕಡೆ ಮಾತ್ರ, ಒಂದು ಲೀಟರು ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಕದಡಿ ಬಳಸಬಹುದು. ಅದರಿಂದ ಹೆಚ್ಚುಕಡಮೆ ಶೇಕಡ ಒಂದರ ಕ್ಲೋರಿನ್ ದ್ರಾವಣವಾಗುತ್ತದೆ. ಶೌಚಾಲಯ ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪುಡಿಯೊಡನೆ ಎಂದೂ ಬೆರೆಸಬಾರದು. ಬೆರೆಸಿದರೆ ಏಳುವುದು ವಿಷಾನಿಲ. ಇಕ್ಕಟ್ಟಾದ ಬಚ್ಚಲಿನಲ್ಲಿ ಅದನ್ನು ಮೊದಲು ಸೇವಿಸುವವಳು ಕೆಲಸದಾಕೆಯೇ.

ಆಕೆಗೂ ಒಂದು ದೇಹವುಂಟು

ಇಷ್ಟರವರೆಗೆ ಹೇಳಿದುದೆಲ್ಲ ರೋಗಿಯ ಕಡೆಯ ಮಾತು. ಬಾಗಿಲಿನ ಆಚೆ ನಿಂತವಳ ಕಡೆಯಿಂದಲೂ ನೋಡದೆ ಇದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಐದು ಮನೆಗಳ ನೆಲ ಒರಸುವ ಹೆಂಗಸಿನ ಮಂಡಿಯೂ ಮಂಡಿಯೇ. ಸೋಪಿನ ನೀರಿನಲ್ಲಿ ದಿನವೆಲ್ಲ ನೆನೆದ ಬೆರಳೂ ಬಿರಿಯುತ್ತದೆ. ಒಂದು ಬೆನ್ನನ್ನು ಉಳಿಸುವ ಸಲುವಾಗಿ ಇನ್ನೊಂದು ಬೆನ್ನನ್ನು ಮುರಿಯುವುದು ಆರೋಗ್ಯದ ಲೆಕ್ಕವಲ್ಲ.

ಮನೆಯಲ್ಲಿ ಸಾಂಕ್ರಾಮಿಕ ರೋಗವಿದ್ದರೆ ಅದನ್ನು ಆಕೆಗೆ ಮುಚ್ಚಿಡುವ ಅಭ್ಯಾಸ ಅನೇಕ ಕಡೆಗಳಲ್ಲಿದೆ. 'ತಿಳಿದರೆ ಬಿಟ್ಟುಹೋಗುತ್ತಾಳೆ' ಎಂಬ ಭಯ. ಭಯ ಸಹಜ, ಮುಚ್ಚಿಡುವುದು ತಪ್ಪು. ಆಕೆಯ ಮನೆಯಲ್ಲಿಯೂ ಮಕ್ಕಳಿರುತ್ತಾರೆ. ಕ್ಷಯವಾದರೆ, ಸರಿಯಾದ ಔಷಧಿ ಆರಂಭವಾದ ಕೆಲವು ವಾರಗಳಲ್ಲಿಯೇ ಅಂಟುವಿಕೆ ಸಾಮಾನ್ಯವಾಗಿ ತಗ್ಗುತ್ತದೆಂಬುದನ್ನೂ, ಕಿಟಕಿ ತೆರೆದು ಗಾಳಿ ಬೆಳಕು ಬಿಟ್ಟರೆ ಅಪಾಯ ಕಡಮೆಯೆಂಬುದನ್ನೂ ವೈದ್ಯರಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಆಕೆಗೆ ಹೇಳಿಸಬಹುದು. ತಿಳಿದು ಒಪ್ಪಿಕೊಂಡು ಬಂದವಳು ನಿಲ್ಲುತ್ತಾಳೆ. ಮೋಸಹೋದೆನೆಂದು ಕಂಡುಕೊಂಡವಳು ಮಾತ್ರ ಮರಳಿ ಬರುವುದಿಲ್ಲ. ಮಲಮೂತ್ರದ ಪಾತ್ರೆ ಎತ್ತುವುದು, ರೋಗಿಗೆ ಸ್ನಾನ ಮಾಡಿಸುವುದು ಕಸ ಗುಡಿಸುವ ಕೆಲಸದ ಭಾಗವಲ್ಲ, ಅದು ಶುಶ್ರೂಷೆ. ಬೇಕಾದರೆ ಮೊದಲೇ ಮಾತಾಡಿ, ಬೇರೆ ಸಂಬಳ ಗೊತ್ತುಮಾಡಿ, ಕೈಚೀಲ ಕೊಡಬೇಕು. ಬಾಯಿಮಾತಿನಲ್ಲಿ 'ಇದೊಂದಿಷ್ಟು' ಎಂದು ದಿನಕ್ಕೊಂದು ಸೇರಿಸುವ ಮನೆಯಲ್ಲಿ ಯಾವಳೂ ಬಹುಕಾಲ ನಿಲ್ಲಳು.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ. ಕೆಲಸದಾಕೆಗೆಂದು ಬೇರೆ ಲೋಟವನ್ನು ಹಿತ್ತಿಲ ಗೂಡಿನಲ್ಲಿ ಇಡುವ ಮನೆಗಳು ಇಂದಿಗೂ ಇಲ್ಲದಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ಅಳಿಸಿಹಾಕಿತು. 1955ರಲ್ಲಿ ಅದನ್ನು ದಂಡನೀಯ ಅಪರಾಧವಾಗಿಸುವ ಕಾನೂನು ಬಂದಿತು. ತಾನು ಮಲಗುವ ಹಾಸಿಗೆಯನ್ನು ಹಾಸಿ ಕೊಡುವ ಕೈಯನ್ನು ಕಾಯಿಲೆಯವರು ನಂಬುತ್ತಾರೆ, ಆ ಕೈ ಹಿಡಿದ ಲೋಟವನ್ನು ಮಾತ್ರ ನಂಬುವುದಿಲ್ಲ! ಇಂಥ ಮನೆಯನ್ನು ಬಿಟ್ಟು ಕಾರ್ಖಾನೆಯ ಬಸ್ಸು ಹತ್ತಿದವಳ ಬಗ್ಗೆ ದೂರುವ ಮೊದಲು ಆ ಗೂಡಿನ ಕಡೆಗೆ ಒಮ್ಮೆ ನೋಡುವುದು ಒಳ್ಳೆಯದು.

ಕಾನೂನು ನಿಧಾನವಾಗಿಯಾದರೂ ಈ ಕಡೆಗೆ ಹೆಜ್ಜೆ ಹಾಕುತ್ತಿದೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲಿ ನಿಗದಿಪಡಿಸಿ ದೇಶಕ್ಕೆ ದಾರಿ ತೋರಿಸಿದ ಹೆಮ್ಮೆ ಕರ್ನಾಟಕದ್ದು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. 'ಹಳ್ಳಿಯಿಂದ ಒಂದು ಹುಡುಗಿಯನ್ನು ತರಿಸಿಕೊಳ್ಳಿ, ಅಗ್ಗ' ಎಂದು ಸಲಹೆ ಕೊಡುವ ಬಂಧುಗಳಿಗೆ ಈ ಮಾತನ್ನು ನೆನಪಿಸಬೇಕು. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು 2008ರಲ್ಲಿ ಬಂದ ಕಾಯಿದೆ ಮನೆಗೆಲಸದವರನ್ನೂ ಒಳಗೊಂಡಿತು. 2011ರಲ್ಲಿ ಜಿನೀವದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಇವರ ಹಕ್ಕುಗಳ ಬಗ್ಗೆ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ ಇವರೂ ಹೆಸರು ಬರೆಸಿಕೊಳ್ಳಬಹುದು. 2025ರ ಜನವರಿ 29ರಂದು ಸರ್ವೋಚ್ಚ ನ್ಯಾಯಾಲಯವು ಮನೆಗೆಲಸದವರಿಗಾಗಿ ಕಾನೂನಿನ ಚೌಕಟ್ಟೊಂದನ್ನು ಕುರಿತು ಪರಿಶೀಲಿಸಲು ಸಮಿತಿಯನ್ನು ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಆದರೆ ಮನೆಯ ಹೊಸ್ತಿಲೊಳಗೆ ಕಾನೂನು ಒಂಟಿಯಾಗಿ ಪ್ರವೇಶಿಸಲಾರದು. ಮನೆಯವರೇ ಅದರ ಕೈಹಿಡಿದು ಕರೆತರಬೇಕು. ಒಂದು ಚೀಟಿಯಲ್ಲಿ ಕೆಲಸದ ಪಟ್ಟಿ, ವೇಳೆ, ಸಂಬಳದ ದಿನ, ರಜೆ, ಇವಿಷ್ಟನ್ನು ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡರೆ ಜಗಳದ ಬೇರೇ ಕತ್ತರಿಸಿದಂತೆ.

ಹುಡುಕುವ ದಾರಿಗಳು ಕೆಲವುಂಟು. ದಲ್ಲಾಳಿಗೆ ಹಣ ತೆರುವ ಮೊದಲು ಬಡಾವಣೆಯ ಆಶಾ ಕಾರ್ಯಕರ್ತೆಯನ್ನು, ಅಂಗನವಾಡಿಯವರನ್ನು, ಹಾಲಿನವನನ್ನು, ಹೂವಿನವಳನ್ನು ವಿಚಾರಿಸಬೇಕು. ರಾಜ್ಯದಲ್ಲಿ 2000ದಿಂದ ಬೆಳೆದು ಬಂದ ಸ್ತ್ರೀಶಕ್ತಿ ಸಂಘಗಳಲ್ಲಿ ಅರ್ಧ ದಿನದ ದುಡಿಮೆ ಹುಡುಕುವ ಹೆಂಗಸರಿರುತ್ತಾರೆ. ಸಂಘದ ಮೂಲಕ ಬಂದವಳನ್ನು ನಾಲ್ಕು ಜನ ಬಲ್ಲರು. ಆಕೆಗೆ ಜ್ವರ ಬಂದ ದಿನ ಬದಲಿಗೆ ಇನ್ನೊಬ್ಬಳು ಬರುವ ಸಂಭವವೂ ಉಂಟು. ಕಾಯಿಲೆಯ ಮನೆಗೆ ಈ ಬದಲಿಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಹೊರಗಿನ ನಾಡುಗಳ ನಡೆ

ಈ ಹೊರೆಯನ್ನು ಒಂದೊಂದು ಮನೆಯೂ ಒಂಟಿಯಾಗಿ ಹೊರಬೇಕೆಂಬುದು ವಿಧಿಲಿಖಿತವೇನಲ್ಲ. ಬ್ರಿಟನ್ನಿನಲ್ಲಿ 1946ರ ರಾಷ್ಟ್ರೀಯ ಆರೋಗ್ಯ ಕಾಯಿದೆಯ ಪ್ರಕಾರ ಕಾಯಿಲೆಯವರು, ಬಾಣಂತಿಯರು, ವೃದ್ಧರು ಇರುವ ಮನೆಗೆ ಗೃಹಕೃತ್ಯದ ಸಹಾಯಕಿಯನ್ನು ಒದಗಿಸುವ ಅಧಿಕಾರ 1948ರಿಂದ ಸ್ಥಳೀಯ ಸಂಸ್ಥೆಗಳಿಗೆ ದೊರೆಯಿತು. ಅನುಕೂಲವುಳ್ಳವರಿಂದ ಒಂದಿಷ್ಟು ಶುಲ್ಕ ಪಡೆಯುತ್ತಿದ್ದರು. ಜಪಾನು 2000ದ ಏಪ್ರಿಲಿನಲ್ಲಿ ದೀರ್ಘಕಾಲದ ಆರೈಕೆಗೆಂದೇ ವಿಮೆಯನ್ನು ಆರಂಭಿಸಿತು. ಅದರಲ್ಲಿ ಮುದುಕರ ಮನೆಗೆ ಬಂದು ಗುಡಿಸುವುದು, ಬಟ್ಟೆ ಒಗೆಯುವುದು ಕೂಡ ಸೇರಿತ್ತು. ಆರಂಭದಲ್ಲಿ ಬಳಸುವವರು ವೆಚ್ಚದ ಹತ್ತನೆಯ ಒಂದು ಪಾಲನ್ನು ಮಾತ್ರ ಕೊಟ್ಟರೆ ಸಾಕಾಗಿತ್ತು. ನೆರೆಯ ಕೇರಳವು 2008ರಲ್ಲಿ ಉಪಶಾಮಕ ಆರೈಕೆಗೆ ಒಂದು ನೀತಿಯನ್ನೇ ರೂಪಿಸಿ, ಹಾಸಿಗೆ ಹಿಡಿದವರ ಮನೆಬಾಗಿಲಿಗೆ ದಾದಿಯರನ್ನು ಕಳುಹಿಸುವ ಹೊಣೆಯನ್ನು ಸ್ಥಳೀಯ ಪಂಚಾಯಿತಿಗಳಿಗೆ ವಹಿಸಿತು.

ತುಮಕೂರಿನ ಮಹಾನಗರ ಪಾಲಿಕೆ, ಕುಣಿಗಲಿನ ಪುರಸಭೆ, ಗುಬ್ಬಿಯ ಪಟ್ಟಣ ಪಂಚಾಯಿತಿಗಳು ಜಪಾನಿನ ಎತ್ತರಕ್ಕೆ ಒಮ್ಮೆಲೇ ಏರಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಬಡಾವಣೆಗೊಂದು ಮಹಿಳಾ ಸಂಘವನ್ನು ಗೊತ್ತುಮಾಡಿ, ಅದರ ಸದಸ್ಯೆಯರಿಗೆ ಸ್ವಚ್ಛತೆಯ ತರಬೇತಿ ಕೊಟ್ಟು, ಗಂಟೆಯ ದರ ನಿಗದಿಪಡಿಸಿ, ಕಾಯಿಲೆಯ ಬಡ ಮನೆಗಳಿಗೆ ಒಂದು ಪಾಲನ್ನು ತಾನೇ ಕೊಡುವ ಏರ್ಪಾಡು ಯಾವ ಊರಿಗೂ ನಿಲುಕದ ಮಾತಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಕೊಡುವ ಸರ್ಕಾರ, ಅದು ವ್ಯರ್ಥವಾಗದಂತೆ ಎರಡು ತಿಂಗಳ ಕಾಲ ನೆಲ ಒರಸಲು ಒಂದು ಕೈ ಕೊಟ್ಟರೆ ನಷ್ಟವೇನು?

ಆ ಕಾಲ ಬರುವವರೆಗೆ ಕಾಯಿಲೆಯ ಮನೆಗಳು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು. ಸೋಮೇಶ್ವರಪುರದ ಆ ಮನೆಗೆ ಮರಳಿದರೆ, ಅಲ್ಲಿ ಆಗಬೇಕಾದುದು ಬಹಳವೇನಿಲ್ಲ. ಬಚ್ಚಲಿಗೊಂದು ಹಿಡಿಕೆ ಬರಲಿ. ನಿವೃತ್ತ ಉಪಾಧ್ಯಾಯರು, ಇಷ್ಟು ವರ್ಷ ಕಪ್ಪುಹಲಗೆ ಒರಸಿದ ಕೈಯಿಂದ, ಪಡಸಾಲೆಯನ್ನೂ ಒರಸಲು ಕಲಿಯಲಿ. ಪೊರಕೆ ಹಿಡಿದರೆ ಗಂಡಸಿನ ಮರ್ಯಾದೆ ಹೋಗುವುದಿಲ್ಲ. ಬೆಂಗಳೂರಿನ ಮಗ ತಿಂಗಳಿಗೊಮ್ಮೆ ಹಣ್ಣಿನ ಬುಟ್ಟಿ ತರುವ ಬದಲು ಸಹಾಯಕಿಯ ಸಂಬಳವನ್ನು ತಪ್ಪದೆ ಕಳುಹಿಸಲಿ. ವಾರಕ್ಕೆ ಎರಡು ದಿನ ಬರುವವಳಿಗೆ ಮನೆಯವರ ಲೋಟದಲ್ಲಿಯೇ ಕಾಫಿ ಸಿಗಲಿ, ಆಕೆಯ ಹೆಸರು ಹಿಡಿದು ಕರೆಯಲಿ, ಆಕೆಯ ಮಗುವಿನ ಪರೀಕ್ಷೆ ಯಾವಾಗೆಂದು ವಿಚಾರಿಸಲಿ.

ಉಳಿದ ದಿನಗಳಲ್ಲಿ ಬಾಗಿಲ ಮುಂದೆ ರಂಗೋಲಿ ಇಲ್ಲದಿದ್ದರೆ ಚಿಂತೆಯಿಲ್ಲ. ಹೊಸ್ತಿಲ ಒಳಗೆ ಆ ತಾಯಿ ಗೋಡೆ ಹಿಡಿಯದೆ, ಒಣಗಿದ ನೆಲದ ಮೇಲೆ, ತಮ್ಮ ಕಾಲಿನ ಮೇಲೆ ತ��ವು ನಡೆದಾಡುತ್ತಿದ್ದರೆ ಅಷ್ಟು ಸಾಕು.